ಆಫೀಸಿನಲ್ಲಿ ಐಪಿ ಅಡ್ರೆಸ್ ಸಾಲುತ್ತಿಲ್ಲವೇ? ನೆಟ್‌ವರ್ಕ್ ದೊಡ್ಡದು ಮಾಡುವ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಒಂಬತ್ತಕ್ಕೆ ಬಂದವರಿಗೆಲ್ಲ ವೈಫೈ ಸಲೀಸಾಗಿ ಸಿಗುತ್ತದೆ. ಹನ್ನೊಂದರ ಹೊತ್ತಿಗೆ ಬಂದವರಿಗೆ ಸಿಗ್ನಲ್ ಫುಲ್, ಪಾಸ್‌ವರ್ಡ್ ಸರಿ, ಆದರೆ ನೆಟ್ ಇಲ್ಲ. ಪಕ್ಕದ ಟೇಬಲ್‌ನವರಿಗೆ ಮಾತ್ರ ಎಲ್ಲ ಸರಿಯಾಗಿ ಓಡುತ್ತಿರುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಇವರಿಗೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಇನ್ಯಾರಿಗೋ ಹೋಗುತ್ತದೆ. ನಿಮ್ಮ ಆಫೀಸಿನಲ್ಲಿ ಇಂಥ ದೂರು ಪದೇ ಪದೇ ಬರುತ್ತಿದ್ದರೆ, ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡುವ ಮೊದಲು ಒಂದು ವಿಷಯ ನೋಡಿ: ನಿಮ್ಮ ರೂಟರ್ ಹತ್ತಿರ ಕೊಡೋದಕ್ಕೆ ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆ) ಉಳಿದಿದೆಯಾ?

ಸಣ್ಣ ಮತ್ತು ಮಧ್ಯಮ ಆಫೀಸುಗಳಲ್ಲಿ ಸಾಮಾನ್ಯವಾಗಿ ಇರುವುದು 192.168.1.0/24 ಥರದ ನೆಟ್‌ವರ್ಕ್. ಕೊನೆಯ /24 ನೆಟ್‌ವರ್ಕಿನ ಗಾತ್ರ ಹೇಳುತ್ತದೆ, ಆ ಸಂಖ್ಯೆ ಚಿಕ್ಕದಾದಷ್ಟೂ ನೆಟ್‌ವರ್ಕ್ ದೊಡ್ಡದು. /24ರಲ್ಲಿ 256 ಅಡ್ರೆಸ್ ಇರುತ್ತವೆ. ಮೊದಲನೆಯದು ಇಡೀ ನೆಟ್‌ವರ್ಕನ್ನು ಗುರುತಿಸಲು, ಕೊನೆಯದು ಬ್ರಾಡ್‌ಕಾಸ್ಟ್‌ಗೆ, ಅಂದರೆ ಎಲ್ಲ ಸಾಧನಗಳಿಗೂ ಒಟ್ಟಿಗೆ ಕೂಗಿ ಹೇಳಲು. ಉಳಿದ 254 ಬಳಕೆಗೆ. ಒಂದು ಕಾಲಕ್ಕೆ ಇದು ಧಾರಾಳವಾಗಿತ್ತು. ಈಗ 90 ಜನರ ಆಫೀಸಿಗೂ ಸಾಲುವುದಿಲ್ಲ.

ರೂಟರ್‌ನಲ್ಲಿ ಸಬ್‌ನೆಟ್ ಮಾಸ್ಕ್ (ನೆಟ್‌ವರ್ಕ್ ಎಲ್ಲಿವರೆಗೆ ಅಂತ ಹೇಳುವ ಸಂಖ್ಯೆ) ಎಂಬ ಒಂದು ಸಾಲು ಬದಲಾಯಿಸಿದರೆ 254 ಇದ್ದದ್ದು 510 ಆಗುತ್ತದೆ. ಎರಡು ನಿಮಿಷದ ಕೆಲಸ. ಆದರೆ ಆ ಸಾಲನ್ನೇ ಮೊದಲು ಬದಲಾಯಿಸಿದರೆ ಮರುದಿನ ಅರ್ಧ ಆಫೀಸಿಗೆ ಪ್ರಿಂಟರ್ ಕಾಣುವುದಿಲ್ಲ, ಬಯೋಮೆಟ್ರಿಕ್ ಹಾಜರಿ ಬರುವುದಿಲ್ಲ. ಯಾಕೆ ಅಂತ ಯಾರಿಗೂ ತಿಳಿಯುವುದೂ ಇಲ್ಲ. ಅದೇ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಿದರೆ ಕೆಲಸ ನಡೆದದ್ದು ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಇಲ್ಲಿ ನಾನು ಹೆಚ್ಚು ಒತ್ತು ಕೊಡುವುದು ಕ್ರಮಕ್ಕೆ: ಯಾವುದು ಮೊದಲು, ಯಾವುದು ಕೊನೆಗೆ.

ಇನ್ನೊಂದು ಗೊಂದಲ ಮೊದಲೇ ಬಗೆಹರಿಸೋಣ. "ಪ್ರಪಂಚದಲ್ಲೇ ಐಪಿ ಖಾಲಿಯಾಗಿದೆಯಂತೆ, ನಾವು ದುಡ್ಡು ಕೊಟ್ಟು ತಗೋಬೇಕಾ?" ಎಂದು ಕೇಳುವವರಿದ್ದಾರೆ. ಅದು ಬೇರೆ ವಿಷಯ. ಇಂಟರ್‌ನೆಟ್ಟಿನ ಸಾರ್ವಜನಿಕ ಐಪಿವಿ4 (ಹಳೆಯ ಮಾದರಿಯ, ಇಲ್ಲಿ ಮಾತಾಡುತ್ತಿರುವ ಐಪಿ) ಅಡ್ರೆಸ್‌ಗಳ ಕೇಂದ್ರ ದಾಸ್ತಾನು 2011ರ ಫೆಬ್ರುವರಿ 3ರಂದು ಮುಗಿಯಿತು. ಆಫೀಸಿನ ಒಳಗೆ ನಾವು ಬಳಸುವುದು ಖಾಸಗಿ ಅಡ್ರೆಸ್. 1996ರಲ್ಲಿ ಬಂದ ಆರ್‌ಎಫ್‌ಸಿ 1918 ಎಂಬ ನಿಯಮದ ಪ್ರಕಾರ ಮೂರು ಗುಂಪುಗಳು ಎಲ್ಲರಿಗೂ ಪುಕ್ಕಟೆ: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು ಮತ್ತು 192.168ರಿಂದ ಶುರುವಾಗುವವು. 10ರ ಗುಂಪೊಂದರಲ್ಲೇ 1,67,77,216 ಅಡ್ರೆಸ್ ಇವೆ. ಯಾರನ್ನೂ ಕೇಳಬೇಕಿಲ್ಲ, ಏನನ್ನೂ ಕೊಳ್ಳಬೇಕಿಲ್ಲ.

ಹಂತ 1: ಖಾಲಿಯಾಗಿರುವುದು ನಿಜವೇ ಅಂತ ಖಚಿತ ಮಾಡಿಕೊಳ್ಳಿ

ನೆಟ್ ಸಿಗದ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಕೊಡಿ. ಅಡ್ರೆಸ್ 169.254ರಿಂದ ಶುರುವಾಗಿದ್ದರೆ ಆ ಲ್ಯಾಪ್‌ಟಾಪ್ ಕೇಳಿದಾಗ ಯಾರೂ ಐಪಿ ಕೊಟ್ಟಿಲ್ಲ, ತಾನೇ ಒಂದು ಹಾಕಿಕೊಂಡಿದೆ ಎಂದರ್ಥ. ಆಂಡ್ರಾಯ್ಡ್ ಫೋನ್ ಆದರೆ ಐಪಿ ಪಡೆಯುತ್ತಿದ್ದೇನೆ ಅಂತ ತೋರಿಸಿ ಸುಮ್ನೆ ಬಿಟ್ಟುಬಿಡುತ್ತದೆ.

ಇಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ. ಕೇಬಲ್ ಕೆಟ್ಟಿದ್ದರೂ 169.254 ಬರುತ್ತದೆ. ರೂಟರ್‌ನ ಅಡ್ಮಿನ್ ಪುಟಕ್ಕೆ ಹೋಗಿ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ಐಪಿ ಹಂಚುವ ವ್ಯವಸ್ಥೆ) ವಿಭಾಗ ತೆರೆಯಿರಿ. ಅಲ್ಲಿ ಎರಡು ಮಾಹಿತಿ ಬೇಕು: ಪೂಲ್ (ಹಂಚಲು ಇಟ್ಟ ಅಡ್ರೆಸ್‌ಗಳು) ಎಲ್ಲಿಂದ ಎಲ್ಲಿವರೆಗೆ ಇದೆ, ಸದ್ಯ ಎಷ್ಟು ಲೀಸ್ (ಇಂತಿಷ್ಟು ಅವಧಿಗೆ ಅಂತ ಹಂಚಿದ ಅಡ್ರೆಸ್) ಕೊಟ್ಟಿದೆ. ಎರಡೂ ಹೆಚ್ಚುಕಡಿಮೆ ಸಮವಾಗಿದ್ದರೆ ಅನುಮಾನ ನಿಜ. ಮಧ್ಯಾಹ್ನ ಊಟಕ್ಕೆ ಮುಂಚೆ ನೋಡಿ, ಅದು ಆಫೀಸು ತುಂಬಿರುವ ಹೊತ್ತು.

ಅಡ್ರೆಸ್ ಸಿಕ್ಕಿದೆ, ಆದರೆ 192.168.1 ಬದಲು ಬೇರೆ ಯಾವುದೋ ಸರಣಿಯದ್ದು ಅಂದರೆ ಕತೆ ಬೇರೆ. ಯಾರೋ ಸಿಗ್ನಲ್ ಚೆನ್ನಾಗಿ ಬರಲಿ ಅಂತ ಮನೆಯಿಂದ ರೂಟರ್ ತಂದು ಗೋಡೆಯ ಸಾಕೆಟ್‌ಗೆ ಚುಚ್ಚಿದ್ದಾರೆ, ಅದೂ ಐಪಿ ಹಂಚುತ್ತಿದೆ. ಮೊದಲು ಅದನ್ನು ಹುಡುಕಿ ತೆಗೆಯಿರಿ. ಐಪಿ ಸಾಲದ ಆಫೀಸಿಗೆ "ಇನ್ನೊಂದು ರೂಟರ್ ಹಾಕಿಬಿಡೋಣ" ಅನ್ನುವುದು ತುಂಬ ಕಡೆ ನಡೆಯುವ ರಿಪೇರಿ. ದಯವಿಟ್ಟು ಮಾಡಬೇಡಿ. ಆ ರೂಟರ್ ಹಿಂದಿನ ಪ್ರಿಂಟರ್ ಆಫೀಸಿಗೆ ಕಾಣುವುದಿಲ್ಲ. ತೊಂದರೆ ಬಂದಾಗ ಯಾವ ಸಾಧನ ಯಾವುದರ ಹಿಂದಿದೆ ಅಂತ ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಪದೇ ಪದೇ ರೂಟರ್ ಆಫ್ ಮಾಡಿ ಆನ್ ಮಾಡುವುದೂ ಪರಿಹಾರವಲ್ಲ. ಲೀಸ್ ಪಟ್ಟಿಯನ್ನು ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುವ ಸಣ್ಣ ರೂಟರ್‌ಗಳು ಆಫ್ ಆದಾಗ ಪಟ್ಟಿಯನ್ನೇ ಮರೆಯುತ್ತವೆ. ಆಮೇಲೆ ಒಬ್ಬರ ಹತ್ತಿರ ಈಗಾಗಲೇ ಇರುವ ಅಡ್ರೆಸ್ಸನ್ನೇ ಇನ್ನೊಬ್ಬರಿಗೆ ಕೊಡುವ ಸಾಧ್ಯತೆ ಇರುತ್ತದೆ. ಐಪಿ ಕಾನ್‌ಫ್ಲಿಕ್ಟ್ ಶುರುವಾಗುವುದು ಹೀಗೆ.

ಹಂತ 2: ಎಣಿಸಿ

ತಲೆ ಎಣಿಸಬೇಡಿ, ಸಾಧನ ಎಣಿಸಿ. 90 ಜನರ ಆಫೀಸೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವೈಫೈನಲ್ಲಿ ಲ್ಯಾಪ್‌ಟಾಪ್ 90. ಅದರಲ್ಲಿ 50 ಲ್ಯಾಪ್‌ಟಾಪ್ ಡಾಕ್‌ನ ಕೇಬಲ್‌ಗೂ ಸಿಕ್ಕಿಸಿರುತ್ತವೆ. ವೈಫೈ ಕಾರ್ಡ್ ಬೇರೆ, ಕೇಬಲ್ ಕಾರ್ಡ್ ಬೇರೆ, ಹಾಗಾಗಿ ಲೀಸೂ ಬೇರೆ. ಮೊಬೈಲ್ 90. ಐಪಿ ಫೋನ್ 30. ಕ್ಯಾಮೆರಾ 24, ಅವುಗಳ ದೃಶ್ಯ ರೆಕಾರ್ಡ್ ಮಾಡುವ ಎನ್‌ವಿಆರ್ 1. ಪ್ರಿಂಟರ್ 6, ಬಯೋಮೆಟ್ರಿಕ್ ಯಂತ್ರ 3, ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಮತ್ತು ಕೇಬಲ್‌ಗಳನ್ನು ಜೋಡಿಸುವ ಸ್ವಿಚ್ ಸೇರಿ 14, ಟ್ಯಾಲಿ ಸರ್ವರ್, ಫೈಲ್ ಸರ್ವರ್ ವಗೈರೆ 4, ಮೀಟಿಂಗ್ ರೂಮಿನ ಟಿವಿ 4. ಕೂಡಿದರೆ 316. ಇರುವುದು 254. ಹೊರಗಿನಿಂದ ಬಂದು ಹೋಗುವವರನ್ನು ಇನ್ನೂ ಸೇರಿಸಿಲ್ಲ.

ಒಂದು ಫೋನ್ ಒಂದೇ ಅಡ್ರೆಸ್ ತಿನ್ನುತ್ತದೆ ಅನ್ನುವ ಲೆಕ್ಕವೂ ಈಗ ಪೂರ್ತಿ ನಿಜವಲ್ಲ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನ್‌ಗಳು ಸುಮ್ಮನೆ ಬಿಟ್ಟರೆ ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ತೋರಿಸುವುದಿಲ್ಲ. ಪ್ರತಿ ವೈಫೈ ಹೆಸರಿಗೂ ಬೇರೆ ಬೇರೆ ಮ್ಯಾಕ್ ಹಾಕಿಕೊಳ್ಳುತ್ತವೆ. ನಿಮ್ಮ ಆಫೀಸಿನಲ್ಲಿ ಕೆಳಗಿನ ಮಹಡಿಗೆ ಒಂದು ವೈಫೈ ಹೆಸರು, ಮೇಲಿನ ಮಹಡಿಗೆ ಇನ್ನೊಂದು ಇದ್ದು, ಎರಡೂ ಅದೇ ಪೂಲ್‌ನಿಂದ ಐಪಿ ಪಡೆಯುತ್ತಿದ್ದರೆ, ಮೆಟ್ಟಿಲು ಹತ್ತಿದ ಫೋನ್ ಎರಡನೆಯ ಅಡ್ರೆಸ್ ಕೇಳುತ್ತದೆ. ರೂಟರ್‌ಗೆ ಅದು ಹೊಸ ಫೋನ್. ಎಲ್ಲ ಮಹಡಿಗೂ ಒಂದೇ ವೈಫೈ ಹೆಸರು ಇಟ್ಟರೆ ಈ ಪೋಲು ತಪ್ಪುತ್ತದೆ.

ಸ್ಟಾಟಿಕ್ ಐಪಿ (ಸಾಧನದಲ್ಲೇ ಕೈಯಿಂದ ಬರೆದ ಖಾಯಂ ಅಡ್ರೆಸ್) ಹಾಕಿರುವ ಸಾಧನಗಳು ಡಿಎಚ್‌ಸಿಪಿ ಪಟ್ಟಿಯಲ್ಲಿ ಕಾಣುವುದಿಲ್ಲ. ಅವುಗಳಿಗೆ ಆಂಗ್ರಿ ಐಪಿ ಸ್ಕ್ಯಾನರ್ ಥರದ ಉಚಿತ ಸಾಫ್ಟ್‌ವೇರ್‌ನಿಂದ ಇಡೀ ಸರಣಿ ಸ್ಕ್ಯಾನ್ ಮಾಡಿ. ಪಿಂಗ್‌ಗೆ (ಇದ್ದೀಯಾ ಅಂತ ಕೇಳುವ ಸಂದೇಶಕ್ಕೆ) ಉತ್ತರ ಕೊಡದ ಸಾಧನಗಳೂ ಇರುತ್ತವೆ, ಅದಕ್ಕೆ ರೂಟರ್‌ನ ಎಆರ್‌ಪಿ ಟೇಬಲ್ (ಯಾವ ಐಪಿ ಯಾವ ಮ್ಯಾಕ್‌ನದು ಅನ್ನುವ ಪಟ್ಟಿ) ಕೂಡ ನೋಡಿ. ಆಮೇಲೆ ಒಂದು ಎಕ್ಸೆಲ್ ಹಾಳೆ: ಸಾಧನ, ಎಲ್ಲಿದೆ, ಐಪಿ, ಮಾಸ್ಕ್, ಗೇಟ್‌ವೇ (ನೆಟ್‌ವರ್ಕಿನಿಂದ ಹೊರಹೋಗುವ ದಾರಿ, ಅಂದರೆ ರೂಟರ್‌ನ ಐಪಿ), ಲಾಗಿನ್ ಯಾರ ಹತ್ತಿರ ಇದೆ. ಕೊನೆಯ ಕಾಲಂ ಬಿಡಬೇಡಿ. ಬಯೋಮೆಟ್ರಿಕ್ ಯಂತ್ರದ ಅಡ್ಮಿನ್ ಪಾಸ್‌ವರ್ಡ್ ಅದನ್ನು ಹಾಕಿಹೋದ ವೆಂಡರ್ ಹತ್ತಿರ ಮಾತ್ರ ಇರುವುದು ಸಾಮಾನ್ಯ. ಅವರು ಫೋನ್ ಎತ್ತುವ ಹೊತ್ತಿಗೆ ನಿಮ್ಮ ವಾರ ಮುಗಿದಿರುತ್ತದೆ. ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.

ಹಂತ 3: ಖರ್ಚಿಲ್ಲದ ಉಪಾಯ ಮೊದಲು

ಪೂಲ್ ಎಷ್ಟಿದೆ ನೋಡಿದಿರಲ್ಲ? ಎಷ್ಟೋ ರೂಟರ್‌ಗಳಲ್ಲಿ ಅದು 100ರಿಂದ 199ರವರೆಗೆ ಮಾತ್ರ ಇರುತ್ತದೆ. ಅಂದರೆ ನೆಟ್‌ವರ್ಕ್‌ನಲ್ಲಿ 254 ಇದ್ದರೂ ಹಂಚುತ್ತಿರುವುದು 100. ಸ್ಟಾಟಿಕ್ ಸಾಧನಗಳ ಅಡ್ರೆಸ್ ಬಿಟ್ಟು ಉಳಿದದ್ದನ್ನು ಪೂಲ್‌ಗೆ ಸೇರಿಸಿದರೆ ಕೆಲವು ಆಫೀಸುಗಳ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಲೀಸ್ ಅವಧಿ. ವಿಂಡೋಸ್ ಸರ್ವರ್‌ನ ಡಿಎಚ್‌ಸಿಪಿಯಲ್ಲಿ ಸುಮ್ಮನೆ ಬಿಟ್ಟರೆ ಅದು 8 ದಿನ. ಬಂದು ಹೋದ ಅತಿಥಿಯ ಫೋನ್ ಲಾಡ್ಜ್ ಖಾಲಿ ಮಾಡಿಯೂ ಕೀ ವಾಪಸ್ ಕೊಡದ ಗಿರಾಕಿಯಂತೆ: ಜನ ಇಲ್ಲ, ರೂಮ್ ಮಾತ್ರ ಬುಕ್ ಆಗಿಯೇ ಇದೆ. ದಿನಕ್ಕೆ 20 ಜನ ಹೊಸಬರು ಬಂದು ವೈಫೈ ಹಾಕಿಕೊಂಡರೆ, 8 ದಿನದಲ್ಲಿ 7 ಕೆಲಸದ ದಿನ, 140 ಅಡ್ರೆಸ್‌ಗಳು ಹೊರಟುಹೋದವರ ಹೆಸರಿನಲ್ಲಿ ಕೂತಿರುತ್ತವೆ. ಲೀಸನ್ನು 8 ಗಂಟೆಗೆ ಇಳಿಸಿ, ಅತಿಥಿಗಳ ವೈಫೈ ಬೇರೆ ಇದ್ದರೆ ಅದಕ್ಕೆ 2 ಗಂಟೆ ಕೊಡಿ. ಅರ್ಧ ಅವಧಿ ಕಳೆದಾಗ ಸಾಧನಗಳು ತಾವೇ ನವೀಕರಿಸಿಕೊಳ್ಳುತ್ತವೆ, ಬಳಸುತ್ತಿರುವವರಿಗೆ ಏನೂ ಅಡ್ಡಿಯಾಗುವುದಿಲ್ಲ.

ಲೀಸ್ ಚಿಕ್ಕದಾದಷ್ಟೂ ಒಂದೇ ಅಡ್ರೆಸ್ ಒಂದೇ ದಿನ ಹಲವರ ಕೈ ಬದಲಾಗುತ್ತದೆ. ಹಾಗಾಗಿ ಯಾವ ಹೊತ್ತಿಗೆ ಯಾವ ಸಾಧನದ ಹತ್ತಿರ ಇತ್ತು ಅನ್ನುವ ಲಾಗ್ ಉಳಿಸುವುದು ಮುಖ್ಯ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಐಟಿ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಡಿಎಚ್‌ಸಿಪಿ ಲಾಗ್ ಕೂಡ ಅದರಲ್ಲಿ ಬರಲಿ.

ಇಷ್ಟು ಮಾಡಿದ ಮೇಲೂ ಮಧ್ಯಾಹ್ನದ ಹೊತ್ತಿಗೆ ಪೂಲ್ ಶೇ 80 ದಾಟುತ್ತಿದ್ದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 4: ಹಿಗ್ಗಿಸುವುದೋ, ಭಾಗ ಮಾಡುವುದೋ?

ದಾರಿ ಎರಡು. ಒಂದು, ಇರುವ ನೆಟ್‌ವರ್ಕನ್ನೇ /24ರಿಂದ /23ಕ್ಕೆ ಹಿಗ್ಗಿಸುವುದು. ಎರಡು, ವಿಲ್ಯಾನ್ (ಅದೇ ಸ್ವಿಚ್, ಕೇಬಲ್‌ಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿ ಅತಿಥಿಗಳು, ಕ್ಯಾಮೆರಾ, ಫೋನ್, ಸಿಬ್ಬಂದಿ ಅಂತ ಬೇರೆ ಬೇರೆ ನೆಟ್‌ವರ್ಕ್ ಕೊಡುವುದು.

ನನ್ನ ಅಭಿಪ್ರಾಯ ಸ್ಪಷ್ಟ. ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಾಯಿಸಬಹುದಾದ ಸ್ವಿಚ್) ಮತ್ತು ವಿಲ್ಯಾನ್ ಬರುವ ರೂಟರ್ ಇದ್ದರೆ ಭಾಗ ಮಾಡಿ. ಹೊರಗಿನವರ ಫೋನ್ ಮತ್ತು ನಿಮ್ಮ ಟ್ಯಾಲಿ ಸರ್ವರ್ ಒಂದೇ ನೆಟ್‌ವರ್ಕ್‌ನಲ್ಲಿ ಇರುವುದು ಐಪಿ ಸಾಲದಿರುವುದಕ್ಕಿಂತ ದೊಡ್ಡ ತೊಂದರೆ. ಇರುವುದೆಲ್ಲ ಸಾದಾ ಸ್ವಿಚ್, ಸದ್ಯಕ್ಕೆ ಬಜೆಟ್ ಇಲ್ಲ ಅಂದರೆ /23 ಒಳ್ಳೆಯ, ನಂಬಬಹುದಾದ ಪರಿಹಾರ. /22ವರೆಗೂ, ಅಂದರೆ 1022 ಸಾಧನದವರೆಗೂ ಹಿಗ್ಗಿಸಬಹುದು. ಆದರೆ ಅಷ್ಟು ಸಾಧನ ಒಂದೇ ಕಡೆ ಇದ್ದರೆ ಬ್ರಾಡ್‌ಕಾಸ್ಟ್ ಗದ್ದಲ ಜಾಸ್ತಿಯಾಗಿ ಮೊದಲು ವೈಫೈ ನರಳುತ್ತದೆ. "ಒಂದೇ ಸಲ /16 ಹಾಕಿಬಿಡೋಣ, 65 ಸಾವಿರ ಸಿಗುತ್ತೆ" ಅನ್ನುವ ಸಲಹೆ ಬಂದರೆ ಒಪ್ಪಬೇಡಿ.

ಅಡ್ರೆಸ್ ಅಪಾರವಾಗಿರುವ ಹೊಸ ಮಾದರಿ ಐಪಿವಿ6 ಹಾಕಿದರೆ ಆಗಲ್ವಾ? ಹಾಕಿ, ಒಳ್ಳೆಯದೇ. ಆದರೆ ಹಳೆಯ ಪ್ರಿಂಟರ್, ಬಯೋಮೆಟ್ರಿಕ್, ಎನ್‌ವಿಆರ್ ಇರುವವರೆಗೆ ಪ್ರತಿ ಲ್ಯಾಪ್‌ಟಾಪ್‌ಗೂ ಐಪಿವಿ4 ಅಡ್ರೆಸ್ ಬೇಕೇ ಬೇಕು. ಈ ಸಮಸ್ಯೆ ಅದರಿಂದ ತೀರುವುದಿಲ್ಲ.

ಹಂತ 5: /23 ಯಾವ ಕಡೆಗೆ ಹಿಗ್ಗುತ್ತದೆ ಅಂತ ತಿಳಿದುಕೊಳ್ಳಿ

ತುಂಬ ಜನ ಎಡವುವ ಜಾಗ ಇದು. 192.168.1ನ್ನು ಹಿಗ್ಗಿಸಿದರೆ 192.168.2 ಸೇರಿಕೊಳ್ಳುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. /23ರ ಜೋಡಿ ಯಾವಾಗಲೂ ಸಮಸಂಖ್ಯೆಯಿಂದ ಶುರುವಾಗಬೇಕು: 0 ಮತ್ತು 1, 2 ಮತ್ತು 3, 4 ಮತ್ತು 5. ನಿಮ್ಮದು 1 ಆಗಿದ್ದರೆ ಅದರ ಜೋಡಿ 0. ಹೊಸ ನೆಟ್‌ವರ್ಕ್ 192.168.0.0/23, ಮಾಸ್ಕ್ 255.255.254.0, ವ್ಯಾಪ್ತಿ 192.168.0.1ರಿಂದ 192.168.1.254. ಹಿಗ್ಗುವುದು ಮೇಲಕ್ಕಲ್ಲ, ಕೆಳಕ್ಕೆ.

ಇದರಿಂದ ಒಂದು ಲಾಭ, ಒಂದು ಅಪಾಯ. ಗೇಟ್‌ವೇ 192.168.1.1 ಹಾಗೇ ಉಳಿಯುತ್ತದೆ, ಯಾವ ಸರ್ವರ್‌ನ ಐಪಿಯನ್ನೂ ಮುಟ್ಟಬೇಕಿಲ್ಲ. ಅದು ಲಾಭ. ಅಪಾಯ ಇರುವುದು ಇಂಟರ್‌ನೆಟ್ ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯಲ್ಲಿ. ಅದರ ಒಳಗಿನ ಅಡ್ರೆಸ್ 192.168.0.1 ಆಗಿದ್ದು, ನಿಮ್ಮ ರೂಟರ್‌ನ ವ್ಯಾನ್ (ಇಂಟರ್‌ನೆಟ್ ಬರುವ) ಕಡೆಗೆ 192.168.0ರ ಐಪಿ ಬರುತ್ತಿದ್ದರೆ, ಹಿಗ್ಗಿಸಿದ ಕೂಡಲೇ ಒಳಗೂ ಹೊರಗೂ ಒಂದೇ ಸರಣಿಯಾಗಿ ಇಂಟರ್‌ನೆಟ್ ನಿಂತುಹೋಗುತ್ತದೆ. ಮೊದಲೇ ರೂಟರ್‌ನ ವ್ಯಾನ್ ಐಪಿ ನೋಡಿ. ಹಾಗಿದ್ದರೆ ಆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ತಾನು ಐಪಿ ಹಂಚದೆ ಇಂಟರ್‌ನೆಟ್ ದಾಟಿಸುವಷ್ಟೇ ಕೆಲಸಕ್ಕೆ) ಹಾಕಿಸಿ, ಇಲ್ಲವೇ ಅದರ ಸರಣಿಯನ್ನು 192.168.50ಕ್ಕೆ ಬದಲಾಯಿಸಿ.

ಆ ಪೆಟ್ಟಿಗೆಯನ್ನೇ ಆಫೀಸಿನ ರೂಟರ್ ಆಗಿ ಬಳಸುತ್ತಿದ್ದರೆ ಅದು 255.255.255.0 ಬಿಟ್ಟು ಬೇರೆ ಮಾಸ್ಕ್ ಒಪ್ಪುತ್ತದೆಯೇ ಅಂತಲೂ ನೋಡಿ. ಕೆಲವು ಒಪ್ಪುವುದಿಲ್ಲ. ಆಗ ಸ್ವಂತ ರೂಟರ್ ಕೊಳ್ಳುವುದೇ ದಾರಿ.

ಹಂತ 6: ಸ್ಟಾಟಿಕ್ ಸಾಧನಗಳ ಮಾಸ್ಕ್ ಮೊದಲು ಬದಲಾಯಿಸಿ

ಇಡೀ ಕೆಲಸದ ತಿರುಳು ಇದು. ಯಾಕೆ ಅಂತ ಒಂದು ಪ್ರಿಂಟರ್ ಇಟ್ಟುಕೊಂಡು ನೋಡೋಣ.

ಪ್ರಿಂಟರ್‌ನ ಐಪಿ 192.168.1.50, ಮಾಸ್ಕ್ ಹಳೆಯದು, 255.255.255.0. ಹೊಸ ಪೂಲ್‌ನಿಂದ ಒಂದು ಲ್ಯಾಪ್‌ಟಾಪ್‌ಗೆ 192.168.0.77 ಸಿಕ್ಕಿದೆ, ಮಾಸ್ಕ್ ಹೊಸದು. ಲ್ಯಾಪ್‌ಟಾಪ್ ಪ್ರಿಂಟ್ ಕೊಡುತ್ತದೆ. ಅದರ ಪ್ರಕಾರ ಪ್ರಿಂಟರ್ ತನ್ನದೇ ನೆಟ್‌ವರ್ಕ್‌ನಲ್ಲಿದೆ, ಹಾಗಾಗಿ ನೇರವಾಗಿ ಕಳಿಸುತ್ತದೆ. ಪ್ರಿಂಟರ್‌ಗೆ ಅದು ತಲುಪುತ್ತದೆ ಕೂಡ. ಈಗ ಪ್ರಿಂಟರ್ ಉತ್ತರ ಕೊಡಬೇಕು. ಅದರ ಹಳೆಯ ಮಾಸ್ಕ್ ಪ್ರಕಾರ 192.168.0.77 ಹೊರಗಿನ ಅಡ್ರೆಸ್. ಆದ್ದರಿಂದ ಉತ್ತರವನ್ನು ಗೇಟ್‌ವೇಗೆ ಕಳಿಸುತ್ತದೆ. ಕೆಲವು ರೂಟರ್‌ಗಳು ಅದನ್ನು ಹಾಗೇ ಲ್ಯಾಪ್‌ಟಾಪ್‌ಗೆ ದಾಟಿಸುತ್ತವೆ. ಬಿಗಿಯಾದ ಫೈರ್‌ವಾಲ್ ಆದರೆ ಲ್ಯಾಪ್‌ಟಾಪ್ ಕಳಿಸಿದ್ದನ್ನು ಅದು ನೋಡಿಯೇ ಇಲ್ಲ, ಉತ್ತರ ಮಾತ್ರ ನೋಡುತ್ತಿದೆ. ಇದ್ಯಾವುದೋ ಬೇಡದ ಪ್ಯಾಕೆಟ್ ಅಂತ ಎಸೆದುಬಿಡುತ್ತದೆ. ಪ್ರಿಂಟ್ ಬರುವುದಿಲ್ಲ.

ಬಯೋಮೆಟ್ರಿಕ್ ಯಂತ್ರ, ಕ್ಯಾಮೆರಾಗಳಲ್ಲಿ ಇನ್ನೂ ಒಂದು ತೊಡಕು. ಎಷ್ಟೋ ಕಡೆ ಅವುಗಳಲ್ಲಿ ಗೇಟ್‌ವೇ ಹಾಕಿಯೇ ಇರುವುದಿಲ್ಲ, 0.0.0.0 ಅಂತ ಬಿಟ್ಟಿರುತ್ತಾರೆ. ಒಂದೇ ನೆಟ್‌ವರ್ಕ್‌ನಲ್ಲಿ ಇದ್ದಾಗ ಅದರ ಅಗತ್ಯವೇ ಬಂದಿರಲಿಲ್ಲ. ಈಗ ಹೊಸ ಅರ್ಧದವರಿಗೆ (192.168.0ರಲ್ಲಿರುವವರಿಗೆ) ಅವು ಉತ್ತರ ಕೊಡುವುದೇ ಇಲ್ಲ. ಹಳೆಯ ಅರ್ಧದಲ್ಲಿರುವವರಿಗೆ ಮಾತ್ರ ಎಲ್ಲ ಸರಿ. ಎಚ್‌ಆರ್‌ನವರ ಕಂಪ್ಯೂಟರ್‌ಗೆ ಇವತ್ತು ಯಾವ ಅರ್ಧದ ಐಪಿ ಸಿಕ್ಕಿತು ಅನ್ನುವುದರ ಮೇಲೆ ಹಾಜರಿ ಬರುವುದು, ಬಾರದಿರುವುದು ನಿಂತಿರುತ್ತದೆ. ಇಂಥ ದೋಷ ಹುಡುಕುವುದು ನಿಜಕ್ಕೂ ಕಷ್ಟ.

ಒಳ್ಳೆಯ ವಿಷಯ ಏನೆಂದರೆ, ಸ್ಟಾಟಿಕ್ ಸಾಧನದಲ್ಲಿ ಮಾಸ್ಕನ್ನು ಮೊದಲೇ 255.255.254.0 ಮಾಡಿಟ್ಟರೆ ಏನೂ ಕೆಡುವುದಿಲ್ಲ. 192.168.0ರಲ್ಲಿ ಇನ್ನೂ ಯಾರೂ ಇಲ್ಲವಲ್ಲ, ಹಳೆಯವರೊಡನೆ ಮಾತು ಎಂದಿನಂತೆ ನಡೆಯುತ್ತದೆ. ಹಾಗಾಗಿ ಇದಕ್ಕೆ ರಾತ್ರಿ ನಿದ್ದೆಗೆಡಬೇಕಿಲ್ಲ. ವಾರದ ದಿನಗಳಲ್ಲೇ ದಿನಕ್ಕೆ ನಾಲ್ಕೈದು ಸಾಧನದಂತೆ ನಿಧಾನವಾಗಿ ಮಾಡಿ, ಹಾಳೆಯಲ್ಲಿ ಗುರುತು ಹಾಕುತ್ತಾ ಹೋಗಿ. ಐಪಿ ಅದೇ, ಗೇಟ್‌ವೇ ಅದೇ (ಖಾಲಿ ಇದ್ದರೆ ತುಂಬಿ), ಮಾಸ್ಕ್ ಮಾತ್ರ ಹೊಸದು.

ಸಾಧ್ಯವಿದ್ದ ಕಡೆ ಪ್ರಿಂಟರ್ ಥರದವನ್ನು ಡಿಎಚ್‌ಸಿಪಿ ರಿಸರ್ವೇಶನ್‌ಗೆ ತಂದುಬಿಡಿ. ರೂಟರ್‌ನಲ್ಲಿ ಅದರ ಮ್ಯಾಕ್ ಬರೆದು ಈ ಅಡ್ರೆಸ್ ಇದಕ್ಕೇ ಅಂತ ಕಾಯ್ದಿಟ್ಟರೆ ಮುಂದಿನ ಸಲ ಯಾವ ಸಾಧನದ ಹತ್ತಿರವೂ ಹೋಗಬೇಕಿಲ್ಲ.

ಹಂತ 7: ಹಳೆಯ ಸರಣಿ ಬೇರೆಲ್ಲಿ ಬರೆದಿದೆ ಹುಡುಕಿ

192.168.1.0/24 ಅಂತ ನೀವೋ ಹಿಂದಿನವರೋ ಹಲವು ಕಡೆ ಬರೆದಿಟ್ಟಿರುತ್ತೀರಿ. ಮೊದಲು ಫೈರ್‌ವಾಲ್. ಇಂಟರ್‌ನೆಟ್‌ಗೆ ಬಿಡುವ ರೂಲ್, ನ್ಯಾಟ್ (ಖಾಸಗಿ ಐಪಿಯನ್ನು ಸಾರ್ವಜನಿಕ ಐಪಿಗೆ ಬದಲಿಸುವ) ರೂಲ್, ವೆಬ್‌ಸೈಟ್ ತಡೆಯುವ ರೂಲ್ ಎಲ್ಲವೂ ಆ ಸರಣಿಗೆ ಮಾತ್ರ ಇರಬಹುದು. ಹೊಸ ಅರ್ಧದ ಲ್ಯಾಪ್‌ಟಾಪ್‌ಗೆ ಐಪಿ ಸಿಗುತ್ತದೆ, ಪ್ರಿಂಟ್ ಆಗುತ್ತದೆ, ಗೇಟ್‌ವೇ ಪಿಂಗ್ ಆಗುತ್ತದೆ, ಇಂಟರ್‌ನೆಟ್ ಮಾತ್ರ ಇಲ್ಲ ಅಂದರೆ ಕಾರಣ ಇಲ್ಲೇ ಇದೆ. ಆಮೇಲೆ ಬ್ರಾಂಚ್ ಆಫೀಸಿಗೆ ಜೋಡಿಸುವ ವಿಪಿಎನ್: ಎರಡೂ ತುದಿಯಲ್ಲಿ ಹೊಸ ಸರಣಿ ಬರೆಯಬೇಕು. ಬ್ರಾಂಚ್‌ನವರೇ 192.168.0 ಬಳಸುತ್ತಿದ್ದರೆ /23 ಉಪಾಯ ಕೈಬಿಟ್ಟು ಹಂತ 9ಕ್ಕೆ ಹೋಗಿ. ಫೈಲ್ ಸರ್ವರ್, ಡೇಟಾಬೇಸ್‌ಗಳಲ್ಲೂ 192.168.1ರಿಂದ ಬಂದವರಿಗೆ ಮಾತ್ರ ಪ್ರವೇಶ ಅಂತ ಹಾಕಿರುವುದುಂಟು.

ಹಂತ 8: ರೂಟರ್ ಮತ್ತು ಡಿಎಚ್‌ಸಿಪಿ

ಐದಾರು ದಿನ ಮೊದಲೇ ಲೀಸ್ ಅವಧಿಯನ್ನು 1 ಗಂಟೆಗೆ ಇಳಿಸಿಡಿ. 8 ದಿನದ ಲೀಸ್ ಪಡೆದು ಸದಾ ಆನ್ ಇರುವ ಡೆಸ್ಕ್‌ಟಾಪ್ ಮತ್ತೆ ಕೇಳುವುದು 4ನೇ ದಿನಕ್ಕೆ. ಅದಕ್ಕೇ ಇಷ್ಟು ಮುಂಚೆ.

ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಶುರು ಮಾಡಿ. ಮೊದಲು ರೂಟರ್, ಫೈರ್‌ವಾಲ್‌ನ ಕಾನ್ಫಿಗ್ ಬ್ಯಾಕಪ್ ನಿಮ್ಮ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್ ಕೇಬಲ್‌ನಲ್ಲಿರಲಿ, ಅದಕ್ಕೆ 192.168.1ರ ಒಂದು ಸ್ಟಾಟಿಕ್ ಐಪಿ ಹಾಕಿಕೊಳ್ಳಿ. ಡಿಎಚ್‌ಸಿಪಿ ಎಡವಿದರೂ ರೂಟರ್ ಕೈಗೆ ಸಿಗುತ್ತದೆ.

ಆಮೇಲೆ ಫೈರ್‌ವಾಲ್ ರೂಲ್‌ಗಳಲ್ಲಿ ಹೊಸ ಸರಣಿ ಸೇರಿಸಿ. ರೂಟರ್‌ನ ಲ್ಯಾನ್ (ಆಫೀಸಿನ ಒಳಗಿನ) ಮಾಸ್ಕ್ ಮತ್ತು ಡಿಎಚ್‌ಸಿಪಿ ಹಂಚುವ ಮಾಸ್ಕ್ ಎರಡನ್ನೂ 255.255.254.0 ಮಾಡಿ. ಪೂಲ್ ಮಾತ್ರ ಇನ್ನೂ ಹಳೆಯ ಅರ್ಧದಲ್ಲೇ ಇರಲಿ. ಕೆಲವು ರೂಟರ್‌ಗಳು ಮಾಸ್ಕ್ ಬದಲಾಯಿಸಿದ ಕೂಡಲೇ ಪೂಲನ್ನೂ ತಾವೇ ಬದಲಾಯಿಸುತ್ತವೆ, ನೋಡಿ ಸರಿಪಡಿಸಿ. ಎರಡು ಗಂಟೆ ಬಿಡಿ. ಅಷ್ಟರಲ್ಲಿ ಆನ್ ಇರುವ ಸಾಧನಗಳೆಲ್ಲ ಲೀಸ್ ನವೀಕರಿಸಿಕೊಂಡು ಹೊಸ ಮಾಸ್ಕ್ ಪಡೆದಿರುತ್ತವೆ. ಇದಾದ ಮೇಲೆ, ಕಟ್ಟಕಡೆಗೆ, ಹೊಸ ಅರ್ಧವನ್ನು ಪೂಲ್‌ಗೆ ಸೇರಿಸಿ: 192.168.0.20ರಿಂದ 192.168.0.250. ಮೊದಲಿನ ಕೆಲವು ಅಡ್ರೆಸ್ ಮುಂದಿನ ಸಾಧನಗಳಿಗೆ ಉಳಿಯಲಿ. ಲೆಕ್ಕದ ಪ್ರಕಾರ 192.168.0.255 ಮತ್ತು 192.168.1.0 ಕೂಡ ಬಳಸಬಹುದಾದ ಅಡ್ರೆಸ್‌ಗಳೇ. ಆದರೆ ಕೆಲವು ಹಳೆಯ ಸಾಧನಗಳು ಅವುಗಳನ್ನು ಕಂಡರೆ ಗೊಂದಲಕ್ಕೆ ಬೀಳುತ್ತವೆ, ಪೂಲ್‌ನಿಂದ ಹೊರಗಿಡಿ.

ವಿಂಡೋಸ್ ಸರ್ವರ್‌ನಲ್ಲಿ ಡಿಎಚ್‌ಸಿಪಿ ಇದ್ದವರಿಗೆ ಒಂದು ಎಚ್ಚರಿಕೆ. ಅಲ್ಲಿ ಒಮ್ಮೆ ಮಾಡಿದ ಸ್ಕೋಪ್‌ನ (ಪೂಲ್, ಮಾಸ್ಕ್ ಸೇರಿದ ಡಿಎಚ್‌ಸಿಪಿ ಸೆಟ್ಟಿಂಗ್‌ನ) ಮಾಸ್ಕ್ ತಿದ್ದಲು ಬರುವುದಿಲ್ಲ. ಅಳಿಸಿ ಹೊಸದು ಮಾಡಬೇಕು. ಅಳಿಸುವ ಮೊದಲು ರಿಸರ್ವೇಶನ್, ಬಿಟ್ಟುಬಿಡುವ ಅಡ್ರೆಸ್‌ಗಳು, ಡಿಎನ್‌ಎಸ್ ಇತ್ಯಾದಿ ಆಪ್ಷನ್ ಎಲ್ಲ ಬರೆದುಕೊಳ್ಳಿ. ಹೊಸ ಸ್ಕೋಪ್‌ಗೆ ಹಳೆಯ ಲೀಸ್ ನೆನಪಿರುವುದಿಲ್ಲವಾದ್ದರಿಂದ ಕಾನ್‌ಫ್ಲಿಕ್ಟ್ ಡಿಟೆಕ್ಷನ್ ಅನ್ನು 1 ಅಥವಾ 2ಕ್ಕೆ ಇಡಿ. ಆಗ ಅಡ್ರೆಸ್ ಕೊಡುವ ಮೊದಲು ಅದು ಪಿಂಗ್ ಮಾಡಿ ನೋಡುತ್ತದೆ.

ಪರೀಕ್ಷೆಗೆ ನಿಮ್ಮ ಲ್ಯಾಪ್‌ಟಾಪ್‌ಗೆ 192.168.0.15 ಕೊಟ್ಟುಕೊಳ್ಳಿ. ಹಾಳೆ ಎದುರಿಗಿಟ್ಟುಕೊಂಡು ಪ್ರತಿ ಸ್ಟಾಟಿಕ್ ಸಾಧನವನ್ನೂ ಮುಟ್ಟಿ ನೋಡಿ. ಬರೀ ಪಿಂಗ್ ಸಾಲದು. ಪ್ರತಿ ಪ್ರಿಂಟರ್‌ನಲ್ಲೂ ಒಂದು ಹಾಳೆ ಪ್ರಿಂಟ್ ತೆಗೆಯಿರಿ, ಬಯೋಮೆಟ್ರಿಕ್‌ನಿಂದ ಹಾಜರಿ ಇಳಿಸಿ, ಟ್ಯಾಲಿಯಲ್ಲಿ ಕಂಪನಿ ತೆರೆಯಿರಿ, ಎನ್‌ವಿಆರ್‌ನಲ್ಲಿ ಲೈವ್ ನೋಡಿ, ಬ್ರಾಂಚ್‌ನ ಒಂದು ಕಂಪ್ಯೂಟರ್ ಮುಟ್ಟಿ, ಇಂಟರ್‌ನೆಟ್ ತೆರೆಯಿರಿ. ಸಿಗದ ಸಾಧನ ಇದ್ದರೆ ಮೊದಲು ಅದರ ಮಾಸ್ಕ್ ನೋಡಿ.

ಹಂತ 9: ವಿಲ್ಯಾನ್ ದಾರಿ ಹಿಡಿಯುವವರಿಗೆ

ಇಲ್ಲಿ ಅಡ್ರೆಸ್ ಯೋಜನೆ ಮೊದಲು. 192.168.0 ಮತ್ತು 192.168.1 ಬಿಟ್ಟು 10ರ ಗುಂಪಿಗೆ ಹೋಗಿ. ಮನೆಗಳ ರೂಟರ್‌ಗಳೂ ಹೆಚ್ಚಾಗಿ ಆ ಎರಡನ್ನೇ ಬಳಸುವುದರಿಂದ ಮನೆಯಿಂದ ವಿಪಿಎನ್ ಹಾಕುವ ಸಿಬ್ಬಂದಿಗೆ ಆಫೀಸಿನ ಸರ್ವರ್ ಸಿಗದೆ ಒದ್ದಾಟವಾಗುತ್ತದೆ. 172.17 ಕೂಡ ಬೇಡ, ಸಾಫ್ಟ್‌ವೇರ್ ತಂಡಗಳು ಬಳಸುವ ಡಾಕರ್ ಸುಮ್ಮನೆ ಬಿಟ್ಟರೆ ಅದನ್ನೇ ಹಿಡಿಯುತ್ತದೆ. 100.64ರಿಂದ 100.127ರವರೆಗಿನದು ಇಂಟರ್‌ನೆಟ್ ಕಂಪನಿಗಳ ಬಳಕೆಗೆ ಮೀಸಲು, ಅದನ್ನೂ ಮುಟ್ಟಬೇಡಿ.

ಎರಡನೆಯ ಸಂಖ್ಯೆ ಊರಿಗೆ, ಮೂರನೆಯದು ವಿಲ್ಯಾನ್‌ಗೆ ಇಟ್ಟರೆ ಓದುವುದು ಸುಲಭ. ಬೆಂಗಳೂರಿಗೆ 10.20, ಹುಬ್ಬಳ್ಳಿಗೆ 10.30, ಮಂಗಳೂರಿಗೆ 10.40 ಅಂದುಕೊಳ್ಳಿ. ಬೆಂಗಳೂರಿನಲ್ಲಿ ಸಿಬ್ಬಂದಿಗೆ ವಿಲ್ಯಾನ್ 10, ಅಂದರೆ 10.20.10.0/24. ಐಪಿ ಫೋನ್‌ಗೆ 10.20.20.0/24. ಕ್ಯಾಮೆರಾಗೆ 10.20.30.0/24. ಅತಿಥಿಗಳು ಮತ್ತು ಸಿಬ್ಬಂದಿಯ ಸ್ವಂತ ಮೊಬೈಲ್‌ಗೆ 10.20.40.0/22, ಅದು 10.20.43.255ರವರೆಗೆ ಹೋಗುತ್ತದೆ. ಅಡ್ರೆಸ್ ನೋಡಿದ ಕೂಡಲೇ ಯಾವ ಊರು, ಯಾವ ಸಾಧನ ಅಂತ ತಿಳಿಯುತ್ತದೆ. ಮೊದಲಿಗೆ ಸಿಬ್ಬಂದಿಯ ನೆಟ್‌ವರ್ಕ್ ಹಳೆಯ 192.168.1ರಲ್ಲೇ ಇದ್ದರೂ ಪರವಾಗಿಲ್ಲ, ನಿಧಾನವಾಗಿ ಕರೆತಂದರಾಯಿತು.

ಅತಿಥಿಗಳ ವೈಫೈಯಿಂದ ಶುರು ಮಾಡಿ. ಅಲ್ಲಿ ಸ್ಟಾಟಿಕ್ ಸಾಧನ ಒಂದೂ ಇಲ್ಲ, ಕೆಟ್ಟರೂ ಆಫೀಸು ನಿಲ್ಲುವುದಿಲ್ಲ. ಮೊಬೈಲ್‌ಗಳು ಅಲ್ಲಿಗೆ ಹೋದರೆ ನಮ್ಮ ಉದಾಹರಣೆಯ 316ರಲ್ಲಿ 90 ಒಮ್ಮೆಲೇ ಕಡಿಮೆಯಾಗಿ ಹಳೆಯ ನೆಟ್‌ವರ್ಕ್ 226ಕ್ಕೆ ಇಳಿಯುತ್ತದೆ. ರೂಟರ್‌ನಲ್ಲಿ ವಿಲ್ಯಾನ್ 40 ಮಾಡಿ, ಅದಕ್ಕೆ ಡಿಎಚ್‌ಸಿಪಿ ಕೊಡಿ, ಅಲ್ಲಿಂದ ಒಳಗಿನ ಯಾವ ನೆಟ್‌ವರ್ಕ್‌ಗೂ ದಾರಿ ಇಲ್ಲ ಅಂತ ರೂಲ್ ಹಾಕಿ. ಆಕ್ಸೆಸ್ ಪಾಯಿಂಟ್‌ನಲ್ಲಿ ಅತಿಥಿ ವೈಫೈ ಹೆಸರಿಗೆ 40 ಅಂಟಿಸಿ. ಸ್ವಿಚ್‌ನಲ್ಲಿ ಆಕ್ಸೆಸ್ ಪಾಯಿಂಟ್ ಇರುವ ಪೋರ್ಟ್ ಮತ್ತು ರೂಟರ್‌ಗೆ ಹೋಗುವ ಪೋರ್ಟ್ ಎರಡರಲ್ಲೂ 40 ಟ್ಯಾಗ್ಡ್ (ವಿಲ್ಯಾನ್ ಸಂಖ್ಯೆಯ ಚೀಟಿ ಹಚ್ಚಿಕೊಂಡು ಹೋಗುವಂತೆ) ಆಗಿರಬೇಕು. ನಡುವೆ ಒಂದು ಪೋರ್ಟ್ ಮರೆತರೂ ಫೋನ್ ಕನೆಕ್ಟ್ ಆಗುತ್ತದೆ, ಐಪಿ ಸಿಗುವುದಿಲ್ಲ. ಹಳೆಯ ಕಾಯಿಲೆಯ ಲಕ್ಷಣವೇ ಕಾಣುತ್ತದೆ, ಕಾರಣ ಮಾತ್ರ ಬೇರೆ.

ಡಿಎಚ್‌ಸಿಪಿ ರೂಟರ್‌ನಲ್ಲಿ ಇಲ್ಲದೆ ಸರ್ವರ್‌ನಲ್ಲಿದ್ದರೆ ಪ್ರತಿ ವಿಲ್ಯಾನ್‌ನ ಗೇಟ್‌ವೇಯಲ್ಲೂ ಡಿಎಚ್‌ಸಿಪಿ ರಿಲೇ (ಐಪಿ ಕೋರಿಕೆಯನ್ನು ಸರ್ವರ್‌ಗೆ ದಾಟಿಸುವ ಸೌಲಭ್ಯ) ಹಾಕಬೇಕು. ಐಪಿ ಕೇಳುವ ಕೂಗು ಬ್ರಾಡ್‌ಕಾಸ್ಟ್ ಆಗಿರುವುದರಿಂದ ವಿಲ್ಯಾನ್ ದಾಟುವುದಿಲ್ಲ.

ಕ್ಯಾಮೆರಾ ಎರಡನೆಯದು. ಅವು ಹೆಚ್ಚಾಗಿ ಪ್ರತ್ಯೇಕ ಪಿಒಇ (ಕೇಬಲ್‌ನಲ್ಲೇ ಕರೆಂಟ್ ಕೊಡುವ) ಸ್ವಿಚ್‌ನಲ್ಲಿರುತ್ತವೆ. ಆ ಸ್ವಿಚ್ ಸಾದಾ ಆಗಿದ್ದರೂ ಚಿಂತೆಯಿಲ್ಲ. ಅದರ ಅಪ್‌ಲಿಂಕ್ ಕೇಬಲ್ ಬಂದು ಸೇರುವ ಮುಖ್ಯ ಸ್ವಿಚ್‌ನ ಒಂದು ಪೋರ್ಟನ್ನು ವಿಲ್ಯಾನ್ 30ರಲ್ಲಿ ಅನ್‌ಟ್ಯಾಗ್ಡ್ (ಚೀಟಿ ಇಲ್ಲದೆ ಹೋಗುವಂತೆ) ಮಾಡಿದರೆ ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಆಚೆ ಹೋಗುತ್ತವೆ. ಆದರೆ ಪ್ರತಿ ಕ್ಯಾಮೆರಾದ ಐಪಿ ಬದಲಾಯಿಸಿ ಎನ್‌ವಿಆರ್‌ಗೆ ಮತ್ತೆ ಸೇರಿಸಬೇಕು, ಆ ದಿನ ಕ್ಯಾಮೆರಾ ವೆಂಡರ್ ಜೊತೆಗಿರಲಿ. ರೆಕಾರ್ಡಿಂಗ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಸೆಕ್ಯುರಿಟಿಯವರಿಗೂ ಮೊದಲೇ ಹೇಳಿ. ಕ್ಯಾಮೆರಾಗಳು ಎನ್‌ವಿಆರ್‌ನ ಹಿಂಬದಿಯ ಪೋರ್ಟ್‌ಗಳಿಗೇ ನೇರವಾಗಿ ಸಿಕ್ಕಿಸಿದ್ದರೆ ಅವು ಸಾಮಾನ್ಯವಾಗಿ ನಿಮ್ಮ ಐಪಿ ಬಳಸುತ್ತಲೇ ಇರುವುದಿಲ್ಲ. ಎಣಿಕೆಯಿಂದ ಬಿಡಿ.

ಮೊಬೈಲ್‌ನಿಂದ ಪ್ರಿಂಟ್ ಕೊಡುವುದು, ಫೋನ್ ಪರದೆಯನ್ನು ಮೀಟಿಂಗ್ ರೂಮಿನ ಟಿವಿಗೆ ಹಾಕುವುದು ಇಂಥವು ವಿಲ್ಯಾನ್ ಬೇರೆಯಾದಾಗ ನಿಂತುಹೋಗುತ್ತವೆ. ಸಾಧನ ಹುಡುಕುವ ಎಂಡಿಎನ್‌ಎಸ್ ಸಂದೇಶ ನೆಟ್‌ವರ್ಕ್ ದಾಟುವುದಿಲ್ಲ. ನಿಮ್ಮ ರೂಟರ್‌ನಲ್ಲಿ ಎಂಡಿಎನ್‌ಎಸ್ ದಾಟಿಸುವ ಸೌಲಭ್ಯ ಇದ್ದರೆ ಆನ್ ಮಾಡಿ, ಇಲ್ಲದಿದ್ದರೆ ಅಂಥ ಟಿವಿಗಳನ್ನು ಅವುಗಳನ್ನು ಬಳಸುವವರ ವಿಲ್ಯಾನ್‌ನಲ್ಲೇ ಬಿಡಿ. ಬಾಸ್‌ನ ಮೀಟಿಂಗ್ ನಡುವೆ ಇದು ಗೊತ್ತಾಗುವುದು ಬೇಡ, ಅಲ್ವಾ?

ಸೋಮವಾರ ಮತ್ತು ಆಮೇಲೆ

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಫೀಸಿನಲ್ಲಿರಿ. ವಾರಾಂತ್ಯದಲ್ಲಿ ಆಫ್ ಆಗಿದ್ದ ಕಂಪ್ಯೂಟರ್‌ಗಳು ಆನ್ ಆದಾಗ ಹೊಸ ಮಾಸ್ಕ್ ತಾವೇ ಪಡೆಯುತ್ತವೆ. ಯಾರದೋ ಒಂದೆರಡರಲ್ಲಿ ಎಂದೋ ಕೈಯಿಂದ ಹಾಕಿದ ಸ್ಟಾಟಿಕ್ ಐಪಿ ಇರುತ್ತದೆ, ಸ್ಕ್ಯಾನ್ ಮಾಡಿದ ದಿನ ಅವರು ರಜೆಯಲ್ಲಿದ್ದರು. ಅವರ ದೂರು ಬಂದೇ ಬರುತ್ತದೆ. ಆಟೊಮ್ಯಾಟಿಕ್‌ಗೆ ಬದಲಾಯಿಸಿ ಹಾಳೆಯಲ್ಲಿ ಬರೆದುಕೊಳ್ಳಿ.

ಹನ್ನೊಂದೂವರೆಗೆ ಒಮ್ಮೆ ಪೂಲ್ ನೋಡಿ, ಹೊಸ ಅರ್ಧದಲ್ಲಿ ಎಷ್ಟು ಲೀಸ್ ಹೋಗಿದೆ ಅಂತ ಬರೆದಿಡಿ. ವಾರವಿಡೀ ಅದೇ ಹೊತ್ತಿಗೆ ನೋಡಿ. ಎಲ್ಲ ಸರಿಯಿದ್ದರೆ ಲೀಸನ್ನು 1 ಗಂಟೆಯಿಂದ 8 ಗಂಟೆಗೆ ಮರಳಿಸಿ. ರೂಟರ್‌ನಲ್ಲಿ ಎಚ್ಚರಿಕೆ ಮೇಲ್ ಕಳಿಸುವ ಸೌಲಭ್ಯ ಇದ್ದರೆ ಪೂಲ್ ಶೇ 80 ಮುಟ್ಟಿದಾಗ ಬರುವಂತೆ ಮಾಡಿ. ಹೊಸ ಕಾನ್ಫಿಗ್‌ನ ಬ್ಯಾಕಪ್ ಒಂದು ತೆಗೆಯಿರಿ. ಹಳೆಯದನ್ನೂ ಒಂದು ತಿಂಗಳು ಅಳಿಸಬೇಡಿ. ಸಾಧನಗಳ ಹಾಳೆಯ ಪ್ರತಿಯೊಂದನ್ನು ಸರ್ವರ್ ರ‍್ಯಾಕ್ ಬಾಗಿಲ ಒಳಬದಿಗೆ ಅಂಟಿಸಿ, ಲಾಗಿನ್ ಕಾಲಂ ಮಾತ್ರ ಅದರಲ್ಲಿ ಬೇಡ.